ಬಣವೆಯ ಗುರುತು

ಬಯಲುಸೀಮೆಯವರಿಗೆ ಎಮ್ಮೆ ಮೈ ತೊಳೆಯುವಷ್ಟು ನೀರಿದ್ದರೆ ಅದೇ ಸಮುದ್ರ ಎಂದು ಸಾಲೆಯ ಮಾಸ್ತರರೆಲ್ಲ ಸೇರಿ ನಕ್ಕಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮಿನಬಾವಿಯ ಒಕ್ಕಲುತನದ ಮನೆಯವನು ನಾನು. ಧಾರವಾಡದಲ್ಲಿ ಓದಿ ಮಾಸ್ತರನಾದ ಮರುವರ್ಷವೇ ಅಂಕೋಲೆಯ ಕಡೆಯ ಒಂದು ಕಡಲದಂಡೆಯ ಹಳ್ಳಿಗೆ ವರ್ಗ ಮಾಡಿದ್ದರು. ಆಗಿನ್ನೂ ಬ್ರಿಟಿಷರ ಕಾಲ. ಆ ನಗೆಯ ಸಿಟ್ಟಿಗೆ ಒಬ್ಬ ಮುದುಕ ಅಂಬಿಗನ ಬೆನ್ನು ಹತ್ತಿ ಮೂರು ತಿಂಗಳು ಹಾಯಿದೋಣಿ ನಡೆಸಲು ಕಲಿತೆ. ಒಂದು ರವಿವಾರ ಅವನ ಸಣ್ಣ ದೋಣಿ ಕೇಳಿ ಪಡೆದು, ದಂಡೆಗುಂಟ ಒಬ್ಬನೇ ಹೋಗಿ ಸಂಜೆಯೊಳಗೆ ಬರುತ್ತೇನೆಂದು ಹೊರಟೆ.

ಹೆಂಡತಿ ಉಪ್ಪಿನಬೆಟಗೇರಿಯವಳು. ಬಂದು ಐದು ತಿಂಗಳಾದರೂ ದಂಡೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ತೆರೆಯ ಸಪ್ಪಳಕ್ಕೇ ಅವಳ ಎದೆ ಡವಡವ ಅನ್ನುತ್ತಿತ್ತು.

"ಏನ್ರಿ, ನಿಮಗೇನ್ ತಲಿ ಕೆಟ್ಟೈತೇನ್ರಿ?" ಎಂದಳು ರೊಟ್ಟಿ ಕಟ್ಟುತ್ತ. "ಆ ಅಳಿವ್ಯಾಗ ಎಷ್ಟ್ ದೋಣಿ ಒಡದಾವಂತ, ಗೊತ್ತಿಲ್ಲೇನು?"

"ಎಲ್ಲಾ ಗೊತ್ತೈತಿ. ದಂಡಿ ಮ್ಯಾಲಿನ ಬಣವಿ ಗುರುತ ಇಟ್ಕೊಂಡೇನಿ. ಅದನ್ನ ನೋಡ್ಕೋತ ನೆಟ್ಟಗ ಬಂದ್ರ ಆತು. ನೀ ಸುಮ್ಕಿರು."

"ಹೋಗ್ರಿ, ಹೋಗ್ರಿ. ನಾನಂತೂ ದಂಡಿಗೆ ಬಂದು ದಾರಿ ಕಾಯೂದಿಲ್ಲ."

ಹೊಳೆ ಕಡಲಿಗೆ ಸೇರುವ ಆ ಅಳಿವೆಯ ಎರಡೂ ಬದಿಗೆ ನೀರೊಳಗೆ ಬಂಡೆಗಳಿದ್ದವು. ನಡುವೆ ಎರಡು ದೋಣಿ ಹಿಡಿಸುವಷ್ಟೇ ದಾರಿ. ಗುಡ್ಡದ ಬೋಳು ತುದಿ, ಅದರ ಕೆಳಗಿನ ಎರಡು ತೆಂಗಿನಮರ, ಇವು ಒಂದೇ ಸಾಲಿಗೆ ಬಂದಾಗ ಒಳಗೆ ನುಗ್ಗಬೇಕೆಂದು ಅಂಬಿಗ ತೋರಿಸಿಕೊಟ್ಟಿದ್ದ. ದಂಡೆಯ ತುಂಬ ತೆಂಗು. ಜೋಳದ ಹೊಲದವನಾದ ನನಗೆ ಯಾವುದು ಯಾವುದೆಂದು ಹೇಗೆ ತಿಳಿಯಬೇಕು? ಅದಕ್ಕೇ ಆ ಎರಡು ಮರಗಳ ಬುಡದಲ್ಲಿದ್ದ ಹುಲ್ಲಿನ ಬಣವೆಯನ್ನು ಗುರುತು ಮಾಡಿಕೊಂಡೆ. ನಮ್ಮೂರಲ್ಲಿ ಒಟ್ಟಿದ ಬಣವೆ ಮುಂದಿನ ಸುಗ್ಗಿಯವರೆಗೆ ಜಾಗ ಬಿಡುವುದಿಲ್ಲ. ಭಾರಿ ಶಾಣ್ಯಾ ನಾನು ಎಂದು ಒಳಗೊಳಗೇ ಹಿಗ್ಗಿದ್ದೆ.

ಬೆಳಗಿನ ನೆಲಗಾಳಿಗೆ ಬಡಗಣ ದಿಕ್ಕಿಗೆ ಸರಾಗವಾಗಿ ಹೋದೆ. ಒಂದು ಮರಳದಂಡೆಯಲ್ಲಿ ರೊಟ್ಟಿ ತಿಂದು, ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಹಿಂದಿರುಗಿದೆ. ಗಾಳಿ ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಹಾಯಿಯ ಹಗ್ಗ ಅಂಗೈ ಸುಲಿಯಿತು. ಅಳಿವೆ ಸಮೀಪಿಸಿದಾಗ ತಲೆಯೆತ್ತಿ ನೋಡಿದೆ. ಗುಡ್ಡದ ತುದಿ ಇತ್ತು. ಬಣವೆ ಇರಲಿಲ್ಲ.

ಕಣ್ಣುಜ್ಜಿ ನೋಡಿದೆ. ಅಯ್ಯೋ ಶಿವನೇ, ಇಲ್ಲವೇ ಇಲ್ಲ! ದಂಡೆಯುದ್ದಕ್ಕೂ ತೆಂಗು, ಬರೀ ತೆಂಗು. ಗಡಬಡಿಸಿ ದೋಣಿಯನ್ನು ಹೊರಕ್ಕೆ ತಿರುಗಿಸಹೋದೆ. ಹಾಯಿ ಫಟ್ಟನೆ ಮಗ್ಗುಲು ಬದಲಿಸಿ ದೋಣಿ ವಾಲಿತು, ಮೊಣಕಾಲವರೆಗೆ ನೀರು ನುಗ್ಗಿತು. ಹಾಯಿ ಇಳಿಸಿದೆ. ಹುಟ್ಟು ಹಾಕಿ ತಡೆದರೂ ತೆರೆಗಳು ನನ್ನನ್ನು ಒಳಕ್ಕೇ ನೂಕುತ್ತಿದ್ದವು. ಎಡಕ್ಕೆ ಬಿಳಿ ನೊರೆ ಎದ್ದು ಬಂಡೆಯ ಕರಿ ಬೆನ್ನು ಕಂಡಿತು. ಸಾಯುತ್ತೇನೆ ಎಂದು ಖಾತ್ರಿಯಾಯಿತು. ಆ ಮಾಸ್ತರರನ್ನು ಬೈದೆ, ನನ್ನನ್ನೂ ಬೈದುಕೊಂಡೆ.

ಆಗ ದಂಡೆಯ ಮೇಲೆ ಕೆಂಪಗೆ ಏನೋ ಕಂಡಿತು. ಮೀನು ಒಣಗಿಸುವ ಹೆಂಗಸಿರಬೇಕು ಅಂದುಕೊಂಡೆ. ಆದರೆ ಅದು ಅಲುಗಾಡಲಿಲ್ಲ. ತೆರೆ ದೋಣಿಯನ್ನು ಮೇಲೆತ್ತಿದಾಗ ಸರಿಯಾಗಿ ಕಂಡಿತು: ಇಳಕಲ್ ಸೀರೆ. ಆ ಹಳ್ಳಿಯಲ್ಲಿ ಅಂಥ ಸೀರೆ ಇದ್ದದ್ದು ಒಂದೇ ಮನೆಯಲ್ಲಿ, ನನ್ನ ಮನೆಯ ಟ್ರಂಕಿನಲ್ಲಿ.

ಗುಡ್ಡದ ತುದಿಯೂ ಆ ಕೆಂಪೂ ಒಂದೇ ಸಾಲಿಗೆ ಬರುವವರೆಗೆ ಜೀವ ಹಿಡಿದು ಹುಟ್ಟು ಹಾಕಿದೆ. ಬಂದ ಕೂಡಲೇ ದೋಣಿಯ ಮೂತಿ ನೆಟ್ಟಗೆ ಮಾಡಿ ತೆರೆಗೆ ಬಿಟ್ಟುಕೊಟ್ಟೆ. ಬಲಗಡೆಯ ಬಂಡೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹಿಂದೆ ಸರಿಯಿತು. ಆಮೇಲೆ ದೋಣಿಯ ತಳ ಮರಳಿಗೆ ತಾಗಿತು.

ದೋಣಿಯನ್ನು ಮೇಲಕ್ಕೆಳೆದಿಟ್ಟು ದಂಡೆ ಏರಿ ಹೋದೆ. ಉದುರಿದ ಹುಲ್ಲಿನ ದುಂಡನೆಯ ಗುರುತಿನ ನಟ್ಟನಡುವೆ ಅವಳು ಮದುವೆಯ ಸೀರೆ ಉಟ್ಟು ನಿಂತಿದ್ದಳು. ಎರಡೂ ಮುಷ್ಟಿ ಬಿಗಿದಿದ್ದವು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು.

"ಯಾರು? ನೀವೇನ್ರಿ?" ಎಂದಳು ಕಣ್ಣು ತೆರೆಯದೆ. "ಮಧ್ಯಾಹ್ನ ಯಾರೋ ತಮ್ಮ ಮನಿಗೆ ಹೊದಸಾಕ ಅಂತ ಬಣವಿ ಎಲ್ಲಾ ಗಾಡಿ ಮ್ಯಾಲ ಹೇರ್ಕೊಂಡ್ ನಮ್ಮ ಮನಿ ಮುಂದ ಹೋದ್ರು. ನೀವ್ ಏನ್ ನೋಡ್ಕೊಂಡ್ ಬರ್ತೀರಿ ಅಂತ ಬಂದ್ ನಿಂತೇನಿ. ಆ ನೀರ್ ನೋಡಾಕ ನನ್ನ ಕೈಲೆ ಆಗಂಗಿಲ್ಲ. ಬಂದ್ರೇನ್ರಿ?"

"ಬಂದೇನಿ," ಅಂದೆ. "ಕಣ್ಣ ತಗಿ."