ಗೋಲುಗೆರೆಯ ಸುಣ್ಣ

ನಮ್ಮ ಪಿ.ಡಿ. ಸಾರ್ ಅವರ ಬೆರಳ ತುದಿಗಳಲ್ಲಿ ಚರ್ಮವೇ ಇರಲಿಲ್ಲ ಅನ್ನಬೇಕು. ಸುಣ್ಣ ತಿಂದುಹಾಕಿತ್ತು. ಅವರು ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು. ಮೈದಾನಕ್ಕೆ ಗೆರೆ ಎಳೆಯುವುದು ಅಟೆಂಡರ್ ಕೆಲಸ. ಆದರೆ ಅಟೆಂಡರ್ ಎಳೆದರೆ ಗೆರೆ ಸೊಟ್ಟಗಾಗುತ್ತದೆಂದು ಪ್ರತಿ ಪಂದ್ಯದ ಬೆಳಿಗ್ಗೆ ಇವರೇ ದಾರ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಬರಿಗೈಯಲ್ಲಿ ಸುಣ್ಣದ ಪುಡಿ ಸುರಿಯುತ್ತಿದ್ದರು.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ಅಸಯ್ಯ." ಒಗೆಯದ ಜೆರ್ಸಿ ಕಂಡರೆ ಅಸಯ್ಯ, ಯಾರೂ ಮುಟ್ಟದೆ ರೆಫರಿಯ ಮುಂದೆ ಬಿದ್ದು ಹೊರಳಾಡಿದರೆ ಅಸಯ್ಯ. ಸೋತದ್ದಕ್ಕೆ ಮಾತ್ರ ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಅನ್ನಬೇಕಿತ್ತು. ಫುಟ್‌ಬಾಲ್ ತಂಡಕ್ಕೆ ನಾನು ನಾಯಕನಾಗಿದ್ದ ಆ ವರ್ಷದ ನಮ್ಮ ಆಟ ನೆನೆದರೆ ಈಗಲೂ ವಾಕರಿಕೆ ಬರುತ್ತದೆ. ಆರು ಪಂದ್ಯ, ಆರೂ ಸೋಲು. ಅಭ್ಯಾಸಕ್ಕೆ ಬರುತ್ತಿದ್ದವರು ನಾಲ್ಕೇ ಜನ. ಪಂದ್ಯದ ದಿನ ಹನ್ನೊಂದು ಜನವೂ ತಲೆಗೆ ಜೆಲ್ ಮೆತ್ತಿಕೊಂಡು ಹಾಜರ್. ನಮ್ಮ ಗೋಲ್‌ಕೀಪರ್ ಒಮ್ಮೆ ವಿರಾಮದಲ್ಲಿ ಎರಡು ಪ್ಲೇಟ್ ಗೋಬಿ ಮಂಚೂರಿ ತಿಂದು ಬಂದು, ಗೋಲುಕಂಬ ಹಿಡಿದುಕೊಂಡು ಕಕ್ಕಿದ. ಅದೇ ಹೊತ್ತಿಗೆ ಎದುರಾಳಿಗಳು ಗೋಲು ಹೊಡೆದರು. ಪಂದ್ಯ ಮುಗಿದ ಮೇಲೆ ಸಾರ್ ಬಕೆಟ್‌ನಲ್ಲಿ ನೀರು ತಂದು ಅವನ ಕೈಗೆ ಕೊಟ್ಟು, "ನೀನೇ ತೊಳಿಯಪ್ಪ. ನಾಳೆ ಇಲ್ಲಿ ಬೇರೆಯವರು ಆಡ್ಬೇಕು," ಅಂದರು.

ಕೊನೆಯ ಪಂದ್ಯಕ್ಕೆ ಮುಂಚೆ ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದರು: ಇದನ್ನೂ ಸೋತರೆ ಫುಟ್‌ಬಾಲ್ ತಂಡವೇ ಬಂದ್. ಡ್ರಾ ಆದರೂ ಸಾಕಿತ್ತು.

ಇನ್ನೆರಡು ನಿಮಿಷ ಇರುವಾಗಲೂ ನಾವು ಒಂದು ಗೋಲು ಹಿಂದೆ. ನಾನು ಒದ್ದ ಚೆಂಡು ಮೇಲಿನ ಅಡ್ಡಕಂಬಕ್ಕೆ ಬಡಿದು, ಗೋಲುಗೆರೆಯ ಮೇಲೆ ಬಿದ್ದು, ಈಚೆಗೆ ಚಿಮ್ಮಿತು. ಚೆಂಡು ಪೂರ್ತಿ ಗೆರೆ ದಾಟಿದರೆ ಮಾತ್ರ ಗೋಲು. ದಾಟಿರಲಿಲ್ಲ, ಸುಣ್ಣದ ನಡುವೆ ಚೆಂಡಿನ ಗುರುತು ದುಂಡಗೆ ಎದ್ದು ಕಾಣುತ್ತಿತ್ತು. ದೂರದಲ್ಲಿದ್ದ ರೆಫರಿ ಗೋಲು ಕೊಟ್ಟುಬಿಟ್ಟರು. ಎದುರಾಳಿಗಳು ತಕರಾರು ತೆಗೆದು ಅವರನ್ನು ಗೆರೆ ನೋಡಲು ಕರೆತರುವಷ್ಟರಲ್ಲಿ ನಾನು ಬೂಟುಗಾಲಲ್ಲಿ ಆ ಗುರುತನ್ನು ಉಜ್ಜಿ ಅಳಿಸಿದ್ದೆ.

ಸಾರ್ ಗೋಲುಕಂಬದ ಪಕ್ಕದಲ್ಲೇ ನಿಂತಿದ್ದರು. ಬೆಳ್ಳಗಾಗಿದ್ದ ನನ್ನ ಬೂಟನ್ನು ನೋಡಿದರು. ಆಮೇಲೆ ರೆಫರಿಗೆ, "ನಾನಿಲ್ಲೇ ಇದ್ದೆ ಸಾರ್. ಚೆಂಡು ಗೆರೆ ದಾಟ್ಲಿಲ್ಲ," ಅಂದರು. ಬೂಟಿನ ಮಾತು ಎತ್ತಲೇ ಇಲ್ಲ. ಗೋಲು ರದ್ದಾಯಿತು, ನಾವು ಸೋತೆವು. ಹುಡುಗರು ಅವರಿಗೆ ಕೇಳಿಸುವಂತೆಯೇ ಬೈದರು. ನಾನೂ ಜೊತೆಗೆ ಸೇರಿಕೊಂಡು ಬೈದೆ.

ಎಲ್ಲರೂ ಹೋದ ಮೇಲೆ ಅವರು ಹೆಗಲ ಮೇಲಿದ್ದ ಟವಲನ್ನು ನನ್ನ ಕಡೆ ಎಸೆದರು. "ಬೂಟ್ ಒರೆಸ್ಕೊ ಕಣೋ. ಅಸಯ್ಯ."

ತಂಡ ಹೋಯಿತು. ಅವರು ಅಳೆದು ಗೆರೆ ಎಳೆಯುತ್ತಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.

ಹೋದ ತಿಂಗಳು ಸಾರ್ ತೀರಿಕೊಂಡರು. ಶ್ರೀರಾಂಪುರದ ಅವರ ಮನೆಯ ಮುಂದೆ ಹಳೆಯ ತಂಡದ ಏಳೆಂಟು ಜನ ಸೇರಿದ್ದೆವು. ಗೋಲ್‌ಕೀಪರ್ ನನ್ನ ಪಕ್ಕ ಬಂದು, "ಮನುಷ್ಯ ಒಳ್ಳೇವ್ರೇ ಕಣೋ. ಆದ್ರೆ ಅವತ್ತು ನಮ್ ಟೀಮ್ನ ಅವರೇ ಮುಳುಗ್ಸಿಬುಟ್ರು," ಅಂದ. ಬಾಗಿಲಲ್ಲಿ ನಿಂತಿದ್ದ ಅವರ ಮಗಳಿಗೆ ಅದು ಕೇಳಿಸಿತು. ತಿರುಗಿ ನನ್ನನ್ನು ನೋಡಿದರು. ನಾನು ಬಾಯಿ ಬಿಡಬಹುದಿತ್ತು. ಅದರ ಬದಲು ಗೋಲ್‌ಕೀಪರ್‌ಗೆ "ಹೂಂ" ಅಂದೆ.

ಆ "ಹೂಂ" ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಈಗ ಬರೆದ ಇದನ್ನು ತಂಡದ ಎಲ್ಲರಿಗೂ ಕಳಿಸುತ್ತೇನೆ, ಮೊದಲು ಅವರ ಮಗಳಿಗೆ. ಅಮ್ಮಾ, ಅವತ್ತು ಚೆಂಡು ಗೆರೆಯ ಮೇಲೇ ಬಿದ್ದಿತ್ತು. ನಿಮ್ಮ ತಂದೆ ಎಳೆದ ಗೆರೆಯನ್ನು ಉಜ್ಜಿದವನು ನಾನು.