ಹೆದ್ದಾರಿ ದಾಟಿದ ಬಾಗಿಲು

ನಿನ್ಫಾಳಿಗೆ ಸಿಟ್ಟು ಬಂದರೆ ಬಾಯಿ ಮುಚ್ಚುತ್ತಿತ್ತು, ಬೆರಳು ಚುರುಕಾಗುತ್ತಿತ್ತು. ಸಿಸಿಲಿಯಿಂದ ಮದುವಣಗಿತ್ತಿಯಾಗಿ ಕ್ಯಾಲಿಫೋರ್ನಿಯಾದ ಆ ಬಂದರಿಗೆ ಬಂದವಳು, ಗಂಡ ಸಮುದ್ರದ ಪಾಲಾದ ಮೇಲೆ ಊರವರ ಹರಿದ ಬಲೆಗಳನ್ನೆಲ್ಲ ಹೆಣೆದುಕೊಟ್ಟು ಮಗ ಸಾಂಟೋನನ್ನು ಸಾಕಿದ್ದಳು. ಪೌರತ್ವ ಬೇಕೆಂದರೆ ಓದು ಬರಹ ಕಲಿಯಬೇಕಿತ್ತು. ಅಷ್ಟು ಪುರುಸೊತ್ತು ಅವಳಿಗೆಲ್ಲಿತ್ತು? ಯಾರೂ ಕೇಳಿಯೂ ಇರಲಿಲ್ಲ.

ಯುದ್ಧ ಶುರುವಾಯಿತು, ಕೇಳಿದರು. ೧೯೪೨ರ ಫೆಬ್ರವರಿಯಲ್ಲಿ ಹುಕುಂ ಬಂತು: ಇಟಲಿಯಲ್ಲಿ ಹುಟ್ಟಿ ಪೌರತ್ವ ಪಡೆಯದವರು ಶತ್ರುದೇಶದವರು, ಅವರು ಹೆದ್ದಾರಿಯಿಂದ ಸಮುದ್ರದ ಕಡೆಗೆ ಕಾಲಿಡಕೂಡದು. ನಿನ್ಫಾಳ ಮನೆ ಇದ್ದದ್ದು ಸಮುದ್ರದ ಕಡೆಗೇ. ಮಗ ಅಮೆರಿಕದ ಯುದ್ಧನೌಕೆಯಲ್ಲಿ ತೋಪಿಗೆ ಗುಂಡು ತುಂಬುತ್ತಿದ್ದಾನೆ, ತಾಯಿ ಶತ್ರು! ಇಂಥ ಬುದ್ಧಿವಂತಿಕೆಯ ಮುಂದೆ ಯಾರು ಏನು ಹೇಳಿಯಾರು. ಅವಳು ಅಳಲಿಲ್ಲ, ಗೋಗರೆಯಲಿಲ್ಲ. ಹೊಸ್ತಿಲು ತೊಳೆದು, ಬೀಗದ ಕೈಯನ್ನು ಪಕ್ಕದ ಮನೆಯ ಅಗಾತಾಳಿಗೆ ಕೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಹೆದ್ದಾರಿ ದಾಟಿದಳು. ಆಚೆ ಬದಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಳು.

ಅವಳ ನಿದ್ದೆಗೆಡಿಸಿದ್ದು ಹರಕೆ. ಡಿಸೆಂಬರಿನಲ್ಲಿ ಸಂತ ಜೋಸೆಫನಿಗೆ ಮಾತು ಕೊಟ್ಟಿದ್ದಳು: ನನ್ನ ಮಗನನ್ನು ಕಾಯಿ, ಮಾರ್ಚಿನಲ್ಲಿ ನಿನ್ನ ಹಬ್ಬದ ದಿನ ನನ್ನ ಮನೆ ಬಾಗಿಲು ತೆರೆದು ಬಂದವರಿಗೆಲ್ಲ ಊಟ ಹಾಕುತ್ತೇನೆ. ಈಗ ಮಾತು ತಪ್ಪಿ, ಅತ್ತ ಮಗನಿಗೇನಾದರೂ ಆದರೆ?

"ಮುಂದಿನ ವರ್ಷ ಮಾಡಿದ್ರಾಯ್ತು ಬಿಡಿ ಅತ್ತೆ. ಸಂತನಿಗೆ ಅರ್ಥ ಆಗಲ್ವಾ? ಅವನೂ ಕೂಸನ್ನ ಎತ್ಕೊಂಡು ಊರು ಬಿಟ್ಟು ಓಡಿದವನೇ," ಎಂದಳು ಅವಳ ಕೋಣೆಗೆ ಬಂದಿದ್ದ ಅಗಾತಾ.

"ಕೊಟ್ಟ ಮಾತು ಈ ವರ್ಷದ್ದು. ಕೊಟ್ಟ ಮಾತು ನನ್ನ ಬಾಗಿಲಿಂದು."

ಅಲ್ಲೇ ಕೂತು ಪೈಪ್ ಸೇದುತ್ತಿದ್ದ ಗಾಸ್ಪಾರೆ ತಲೆಯೆತ್ತಿದ. ನಿನ್ಫಾಳ ಮೈದುನ, ದೋಣಿ ಕಟ್ಟುವ ಬಡಗಿ, ಪೌರತ್ವ ಇದ್ದವನು. "ಅತ್ತಿಗೆ ಅಲ್ಲಿಗೆ ಹೋಗ್ಬಾರ್ದು ಅಂತ ತಾನೆ ಹುಕುಂ? ಬಾಗಿಲು ಇಲ್ಲಿಗೆ ಬರ್ಬಾರ್ದು ಅಂತ ಯಾವನು ಹೇಳಿದ್ದಾನೆ?"

ಹಬ್ಬದ ಬೆಳಿಗ್ಗೆ ಅವನು ಆ ಹಸಿರು ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು, ಮೀನಿನ ಗಾಡಿಯಲ್ಲಿ ತಂದು, ಹೆದ್ದಾರಿಯ ಈಚೆಗಿನ ಖಾಲಿ ಜಾಗದಲ್ಲಿ ಆನಿಕೆ ಕೊಟ್ಟು ನಿಲ್ಲಿಸಿದ. ಹಿಂದೆ ಮೇಜುಗಳು. ಅವುಗಳ ಮೇಲೆ ಬಡಗಿ ಸಂತನ ಹೆಸರಲ್ಲಿ ಸುತ್ತಿಗೆಯ ಆಕಾರದ ರೊಟ್ಟಿ, ಬೇಯಿಸಿದ ಅವರೆ, ಸಾರ್ಡೀನ್ ಮೀನು, ಹುರಿದ ರೊಟ್ಟಿಪುಡಿ ಉದುರಿಸಿದ ಪಾಸ್ತಾ. ಹೆದ್ದಾರಿ ದಾಟಿ ಕೇರಿಗೆ ಕೇರಿಯೇ ಬಂತು. ಬಾಗಿಲ ಹಿಂದೆ ನಿಂತ ನಿನ್ಫಾಳಿಗೆ ಎಂದೂ ಇಲ್ಲದ ಹೆಮ್ಮೆ.

ಆದರೆ ಪದ್ಧತಿ ಒಂದಿದೆ. ಜೋಸೆಫ್, ಮರಿಯ, ಬಾಲಯೇಸುವಿನ ವೇಷದವರು ಮೊದಲು ಎರಡು ಕಡೆ ಆಶ್ರಯ ಕೇಳಬೇಕು. ಎರಡೂ ಕಡೆ ಇಲ್ಲವೆನ್ನಬೇಕು. ಮೂರನೆಯ ಬಾಗಿಲು ತೆರೆಯಬೇಕು. ಆ ವರ್ಷ ಇಲ್ಲವೆನ್ನಲು ಒಬ್ಬರೂ ಮುಂದೆ ಬರಲಿಲ್ಲ.

"ಜಾಗ ಇಲ್ಲ ಅಂತ ಕೇಳಿಸ್ಕೊಂಡಿದ್ದು ಸಾಲದಾ, ನಾವೂ ಅದನ್ನೇ ಹೇಳ್ಬೇಕಾ? ನನ್ನ ಕೈಲಾಗಲ್ಲಪ್ಪ," ಎಂದಳು ಅಗಾತಾ.

"ಯಾರಾದ್ರೂ ಅನ್ರೇ, ಪಾಸ್ತಾ ಆರ್ತಿದೆ," ಎಂದಳು ಬಾಗಿಲ ಹಿಂದಿನಿಂದ ನಿನ್ಫಾ.

ಅಷ್ಟರಲ್ಲಿ ಪೊಲೀಸ್ ಕಾರು ಬಂದು ನಿಂತಿತು. ಇಳಿದವನು ಹಾರ್ಲನ್ ಎಂಬ ಎಳೆಯ ಪೊಲೀಸಿನವ. "ಏನಿದು ಗುಂಪು? ಇಲ್ಲೆಲ್ಲ ಜಾಗ ಇಲ್ಲ. ಬೇರೆ ಕಡೆ ಹೋಗಿ," ಎಂದ.

ಜೋಸೆಫನ ಗಡ್ಡ ಅಂಟಿಸಿಕೊಂಡಿದ್ದ ಗಾಸ್ಪಾರೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಒಂದಾಯ್ತು," ಎಂದ. ಆಮೇಲೆ ಕೋಲೂರಿಕೊಂಡು ಬಹಳ ವಿನಯದಿಂದ, "ದೂರದಿಂದ ಬಂದಿದ್ದೀವಿ ಸ್ವಾಮಿ, ಹಸಿದಿದ್ದೀವಿ. ಸ್ವಲ್ಪ ಜಾಗ ಮಾಡಿಕೊಡಿ," ಎಂದು ಕೇಳಿದ.

"ಹೇಳ್ಲಿಲ್ವಾ? ಇಲ್ಲ ಅಂದ್ರೆ ಇಲ್ಲ. ಮುಂದೆ ಹೋಗಿ."

"ಎರಡೂ ಆಯ್ತು ಅತ್ತಿಗೆ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಸ್ಪಾರೆ ಬಾಗಿಲು ತಟ್ಟಿದ. ನಿನ್ಫಾ ತೆರೆದಳು, "ಬನ್ನಿ, ಇದು ನಿಮ್ಮದೇ ಮನೆ," ಎನ್ನುವಾಗ ಮಾತ್ರ ಅವಳ ದನಿ ಒಡೆಯಿತು. ಜನ ಒಬ್ಬೊಬ್ಬರಾಗಿ ಒಳಗೆ ಬಂದರು.

ಹಾರ್ಲನ್‌ನ ಮುಖ ಕೆಂಪಾಗಿತ್ತು. "ಯಾರದಮ್ಮಾ ಈ ಬಾಗಿಲು?"

"ನಂದು. ಮನೆ ಆಚೆ ಇದೆ. ನಾನು ದಾಟಿಲ್ಲ, ಅದು ದಾಟಿದೆ."

"ಇಷ್ಟೆಲ್ಲ ಯಾರಿಗೋಸ್ಕರ?"

"ಮಗನಿಗೋಸ್ಕರ. ನಿಮ್ಮ ಯುದ್ಧದ ಹಡಗಲ್ಲಿದ್ದಾನೆ. ಇವತ್ತು ನನ್ನ ಬಾಗಿಲಿಗೆ ಬಂದವರು ಹಸಿದು ವಾಪಸ್ ಹೋಗೋ ಹಾಗಿಲ್ಲ. ನೀನೂ ಅಷ್ಟೇ."

ಬಾಗಿಲ ಸುತ್ತ ಗೋಡೆಗಳಿರಲಿಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸೀದಾ ಮೇಜಿಗೇ ಬರಬಹುದಿತ್ತು. ಆ ಹುಡುಗ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ತೆರೆದೇ ಇದ್ದ ಬಾಗಿಲನ್ನು ಮೆಲ್ಲಗೆ ತಟ್ಟಿ, ನಿನ್ಫಾ ಬಾ ಎನ್ನುವ ತನಕ ಹೊರಗೇ ನಿಂತ.