ಎದ್ದು, ನಕ್ಕು, ಹೆಸರು ಹೇಳುವ ಪದ್ಧತಿ: ಶುಭದಾ ನಂದಗಡಕರ ಅವರ ಯುದ್ಧಕಾಲದ ಕಥೆಗಳು

ಯುದ್ಧಕಾಲದ ಗುಪ್ತಚರರ ಕಥೆಗಳನ್ನು ತೆರೆಗೆ ತಂದವರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ಹೆಚ್ಚಿನವರ ಗುಪ್ತಚರನು ಕಪ್ಪು ಕನ್ನಡಕ ಧರಿಸಿ, ಓಡುವ ರೈಲಿನ ಮೇಲೆ ಹೊಡೆದಾಡಿ, ಕೊನೆಗೆ ದೇಶವನ್ನೂ ನಾಯಕಿಯನ್ನೂ ಒಟ್ಟಿಗೇ ಉಳಿಸುತ್ತಾನೆ. ಬೆಳಗಾವಿಯ ನಿರ್ದೇಶಕಿ ಶುಭದಾ ನಂದಗಡಕರ ಅವರ ಗುಪ್ತಚರನು ಬಳೆ ಮಾರುತ್ತಾನೆ, ಅಂಚೆಚೀಲ ಹೊರುತ್ತಾನೆ, ರೈಲು ನಿಲ್ದಾಣದಲ್ಲಿ ಕಂದೀಲಿನ ಗಾಜು ಒರೆಸುತ್ತಾನೆ. ಪೊಲೀಸರು ಬಾಗಿಲು ಬಡಿದಾಗ ಕೈಯಲ್ಲಿರುವ ಚಹದ ಬಸಿ ಅಲುಗದಂತೆ ಹಿಡಿದುಕೊಳ್ಳುವುದೇ ಅವನ ಸಾಹಸ. ಖಾಸಬಾಗದ ಹಳೆಯ ಕಟ್ಟಡವೊಂದರ ಮಹಡಿಯಲ್ಲಿರುವ ದೀಪಮಾಲಾ ಚಿತ್ರಶಾಲೆಯಲ್ಲಿ ಕುಳಿತು ಇಂಥ ಕಥೆಗಳನ್ನು ಹೆಣೆದ ಶುಭದಾ ಅವರು ಸಂಸ್ಥೆಯ ನಿಯಮದಂತೆ ಈಗ ಸೇವೆಯಿಂದ ನಿವೃತ್ತರಾಗಿದ್ದಾರೆ. ಅವರ ಧಾರಾವಾಹಿಗಳನ್ನು ಮೆಚ್ಚಿ ಬರೆಯುವವರು ಈ ಅಭಿನಂದನ ಸಂಪುಟದಲ್ಲಿ ಬಹಳ ಜನ ಇದ್ದಾರೆ. ಆದ್ದರಿಂದ ಈ ಲೇಖನವು ಪ್ರೇಕ್ಷಕರು ಎಂದೂ ನೋಡದ ಒಂದು ದೃಶ್ಯದ ಸುತ್ತ ನಿಲ್ಲುತ್ತದೆ.

ಶುಭದಾ ಅವರು ಹುಟ್ಟಿ ಬೆಳೆದದ್ದು ಖಾನಾಪುರದಲ್ಲಿ. ತಂದೆ ಹಂಚಿನ ಕಾರ್ಖಾನೆಯಲ್ಲಿ ಆಳುಗಳ ಮೇಲೆ ಮುಕಾದಮರು. ಮನೆಯೊಳಗೆ ಮರಾಠಿ, ಓಣಿಯಲ್ಲಿ ಕನ್ನಡ, ಅಜ್ಜಿಯ ಬಾಯಲ್ಲಿ ಎರಡೂ ಕಲೆತ ಕಥೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಜ್ಜಿ ಹೊಸ ಸೊಸೆ. ಪಟ್ಟಣದಲ್ಲಿ ದೀಪಗಳಿಗೆ ಕರಿ ಕಾಗದ ಅಂಟಿಸಿದ್ದು, ಸಿಪಾಯಿಗಳ ರೈಲು ಬಂದಾಗ ದನಗಳೆಲ್ಲ ಗೂಟ ಕಿತ್ತು ಓಡಿದ್ದು, ಇವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅಜ್ಜಿ ಒಬ್ಬ ಬಳೆಗಾರನ ಸುದ್ದಿಗೆ ಬರುತ್ತಿದ್ದರಂತೆ. ಅವನು ಬಳೆಯ ಮಲಾರದಲ್ಲಿ ಭೂಗತ ಹೋರಾಟಗಾರರ ಸುದ್ದಿ ಸಾಗಿಸುತ್ತಿದ್ದ. ಒಂದು ದಿನ ಗುಂಡಿಗೆ ಬಿದ್ದ. ಬಿದ್ದ ಮೇಲೆ, ಊರು ಕರೆಯುತ್ತಿದ್ದ ಹೆಸರು ಅವನದಲ್ಲವೆಂದು ತಿಳಿಯಿತು. ಅವನದು ಯಾವುದೆಂದು ಮಾತ್ರ ತಿಳಿಯಲಿಲ್ಲ.

"ಮಣ್ಣ ಮಾಡೂವಾಗ ಯಾವ ಹೆಸರ ಹಿಡದ ಅಳಬೇಕು ಅಂತ ಹೆಣ್ಣಮಂದಿಗೆ ಗೊತ್ತಾಗ್ಲಿಲ್ಲವಾ," ಎಂದು ಅಜ್ಜಿ ಕಥೆ ನಿಲ್ಲಿಸುತ್ತಿದ್ದರು. 

ತೊಟ್ಟಿಲಲ್ಲಿ ಮಲಗಿಸಿ, ಹಿರಿಯರು ಕಿವಿಯಲ್ಲಿ ಉಸುರಿದ ಹೆಸರನ್ನು ಊರಿಗಾಗಿ ಬಿಟ್ಟುಕೊಟ್ಟು, ಎರವಲು ಹೆಸರಿನಲ್ಲಿ ಸಾಯುವವನ ಕಷ್ಟ ಆ ಹುಡುಗಿಯ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಮುಂದೆ ಅವರು ಚಿತ್ರಿಸಿದ ಗುಪ್ತಚರರೆಲ್ಲ ಆ ಬಳೆಗಾರನ ಮಕ್ಕಳು, ಮೊಮ್ಮಕ್ಕಳು ಎಂದರೆ ತಪ್ಪಾಗದು.

ಅವರ ಮೊದಲ ಧಾರಾವಾಹಿ 'ಬಳೆಗಾರನ ದಾರಿ'ಗೆ ನಾಯಕನಾಗಿ ಸಿಕ್ಕವರು ದೇಸೂರಿನ ಸತ್ಯಪ್ಪನವರು. ಹಗಲು ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿತ, ಬಿಡುವಿನಲ್ಲಿ ಸಣ್ಣಾಟದ ವೇಷ. ಗುಂಡೇಟಿನ ದೃಶ್ಯವನ್ನು ದೇಸೂರಿನ ರೈಲು ನಿಲ್ದಾಣದಲ್ಲೇ ತೆಗೆಯುವುದೆಂದಾಯಿತು. ಹುಸಿ ಗುಂಡು ಹಾರಿತು. ಸತ್ಯಪ್ಪನವರು ಮಲಾರದ ಸಮೇತ ಬಿದ್ದರು. ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಬಳೆಗಳು ಚೂರುಚೂರಾದವು. ಇದೇ ಹೊತ್ತಿಗೆ ಅವರ ಹೆಂಡತಿ ಬಾಳವ್ವ ಬುತ್ತಿಗಂಟು ಹಿಡಿದು ನಿಲ್ದಾಣದೊಳಗೆ ಕಾಲಿಟ್ಟಿದ್ದಳು.

"ಏನ್ ಹಚ್ಚೀರಿ ಇದನ್ನ? ಮುತ್ತೈದಿ ಕಣ್ಣಮುಂದ ಬಳಿ ಒಡೀತಾರೇನ್ರೀ?"

"ಸತ್ತಾಂವ ಬಳೆಗಾರ, ಬಾಳವ್ವ. ನಿನ್ನ ಗಂಡ ಅಲ್ಲ," ಎಂದು ಶುಭದಾ ಅವರು ಸಮಾಧಾನಪಡಿಸಲು ಹೋದರು.

"ಬಳೆಗಾರನ ಮಾರಿ ಯಾರದೈತ್ರಿ ಬಾಯಾರ? ನಮ್ಮನಿಯವರದ ಐತಿ. ಮ್ಯಾಲಿನ ಯಮನ ಮಂದಿಗೆ ನಿಮ್ಮ ಕತಿ ಓದಾಕ ಪುರಸೊತ್ತಿರತೈತೇನು? ಈ ಮನಶ್ಯಾ ಬ್ಯಾರೆ, ಹೆಸರ ಬ್ಯಾರೆ ಅಂತ ಮೊದಲ ಹೇಳಿ ಕಳಸ್ರಿ."

"ಹಂಗಾರ ನೀನ ಹೇಳು, ಹೆಸರೇನು?"

ಬಾಳವ್ವ ಸೆರಗು ಬಾಯಿಗೊತ್ತಿಕೊಂಡಳು. ಗಂಡನ ಹೆಸರನ್ನು ಆಕೆ ನಾಲಗೆಯ ಮೇಲೆ ತಂದದ್ದು ಮದುವೆಯ ದಿನ, ಬೀಗರು ಬಾಗಿಲು ತಡೆದು, ಹೆಸರನ್ನು ಪ್ರಾಸದಲ್ಲಿ ಹೆಣೆಯುವ ಒಡಪು ಹೇಳಿಸಿದಾಗ ಒಂದೇ ಸಲ. ಆಮೇಲೆ ಅವರು 'ನಮ್ಮನಿಯವರು' ಅಷ್ಟೇ.

"ಅವರ ಹೇಳ್ಲಿ. ಎದ್ದ ಕುಂತು, ನಕ್ಕ ಹೇಳ್ಲಿ. ಅಲ್ಲೀತನಕ ನಾ ಬುತ್ತಿ ಬಿಚ್ಚಾಕಿಲ್ಲ."

ಎದೆಯ ಮೇಲೆ ಕುಂಕುಮದ ನೆತ್ತರು ಸುರಿಯುತ್ತಿರುವಂತೆಯೇ ಸತ್ಯಪ್ಪನವರು ಎದ್ದು ಕುಳಿತರು. ಕ್ಯಾಮೆರಾ ಇನ್ನೂ ಓಡುತ್ತಿತ್ತು. "ನಾ ಸತ್ಯಪ್ಪರೀ, ದೇಸೂರಾಂವ. ಜೀವಂತ ಅದೀನಿ. ಹಸಿವ್ಯಾಗೈತಿ, ರೊಟ್ಟಿ ಬಿಚ್ಚ ಮಾರಾಯ್ತಿ!" ಎಂದು ನಕ್ಕರು. ಎಲ್ಲರೂ ನಕ್ಕರು. ಶುಭದಾ ಅವರು ಮಾತ್ರ ನಗಲಿಲ್ಲ. ಅಜ್ಜಿಯ ಬಳೆಗಾರನಿಗೆ ದೊರೆಯದಿದ್ದದ್ದು ಇವರಿಗೆ ದೊರೆಯಿತಲ್ಲ ಎಂದು ಅವರಿಗೆ ಅನ್ನಿಸಿತ್ತು. ಸಾವಿನ ದೃಶ್ಯ ಮುಗಿದ ಮೇಲೆ ನಟನನ್ನು ಒಮ್ಮೆ ನಗಿಸುವ ರೂಢಿ ಚಿತ್ರರಂಗದಲ್ಲಿ ಮೊದಲಿನಿಂದಲೂ ಇದೆ. ಹೆಸರು ಹೇಳಿಸುವುದು ಮಾತ್ರ ಶುಭದಾ ಅವರ ಬಳಗದ್ದು. ಅಂದಿನಿಂದ ಅವರ ಯಾವ ಧಾರಾವಾಹಿಯಲ್ಲಿ ಯಾರೇ ಸಾಯಲಿ, ಎದ್ದು, ನಕ್ಕು, ತನ್ನ ಸ್ವಂತ ಹೆಸರನ್ನು ಕ್ಯಾಮೆರಾಕ್ಕೆ ಹೇಳದೆ ಬಣ್ಣ ಅಳಿಸುವಂತಿರಲಿಲ್ಲ. ಹೆಸರು ಕೇಳಿಸಿದ ಮೇಲೆಯೇ ಶುಭದಾ ಅವರು 'ಕಟ್' ಎನ್ನುತ್ತಿದ್ದರು. ಒಂದೇ ದಿನ ಇಡೀ ಒಂದು ತುಕಡಿಯನ್ನು ಕೊಂದಾಗ, ಎಲ್ಲರೂ ಸಾಲಾಗಿ ನಿಂತು ಶಾಲೆಯ ಹಾಜರಿಯಂತೆ ಹೆಸರು ಕೂಗಿದ್ದೂ ಉಂಟು.

ವೇಷವನ್ನೂ ಮನುಷ್ಯನನ್ನೂ ಬೇರೆಬೇರೆಯಾಗಿ ಕಾಣುವ ಈ ಗುಣ ಅವರ ಇತರ ನಡೆಗಳಲ್ಲಿಯೂ ಇತ್ತು. ಖಾನಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಚಿತ್ರೀಕರಣ ನಡೆದಾಗ, ಬಳಗಕ್ಕೆ ಊಟ ಬಡಿಸುತ್ತಿದ್ದ ತಾಯಂದಿರು ಹೋರಾಟಗಾರರನ್ನು ಪೊಲೀಸರಿಗೆ ಹಿಡಿದುಕೊಡುವ ಸುಳಿವುಗಾರನ ಪಾತ್ರ ಮಾಡಿದ ಪ್ರಸಾದ ಎಂಬ ಯುವಕನ ತಟ್ಟೆಯನ್ನು ದಾಟಿಕೊಂಡು ಹೋಗುತ್ತಿದ್ದರು. "ನಮ್ಮವರನ್ನ ಹಿಡಕೊಟ್ಟಾವಗ ನಮ್ಮ ಕೈಯಿಂದ ತುಪ್ಪಾ?" ಎಂದು ಒಬ್ಬಾಕೆ ಬಾಯಿಬಿಟ್ಟೇ ಕೇಳಿದಳು. ಶುಭದಾ ಅವರು ಯಾರಿಗೂ ಬುದ್ಧಿ ಹೇಳಲಿಲ್ಲ. ಪ್ರಸಾದನ ಪಕ್ಕದಲ್ಲಿ ಕುಳಿತು, ಅವನ ತಟ್ಟೆಗೇ ಕೈಹಾಕಿ ಉಣ್ಣತೊಡಗಿದರು. ಬಾಯಾರು ಉಣ್ಣುವ ತಟ್ಟೆ ಬರಿದಾಗಬಾರದಲ್ಲ! ಆ ತಾಯಿಯೇ ಬಂದು, "ಉಣ್ಣಪಾ, ಆದರ ನಾಳೆ ಸುಳ್ಳ ಹೇಳಬ್ಯಾಡ," ಎಂದು ಎರಡು ಮಿಳ್ಳೆ ತುಪ್ಪ ಸುರಿದಳು.

ಕಾಲ ಸರಿಯಿತು. ಸತ್ಯಪ್ಪನವರು ಫೌಂಡ್ರಿಯಿಂದ ನಿವೃತ್ತರಾದರೂ ಶುಭದಾ ಅವರ ಕಥೆಗಳಲ್ಲಿ ಗುಂಡಿಗೆ ಬೀಳುವುದನ್ನು ಬಿಡಲಿಲ್ಲ. ಸೇವೆಯ ಕೊನೆಯ ವರ್ಷದಲ್ಲಿ ಶುಭದಾ ಅವರು 'ಕಂದೀಲಿನ ಗುರುತು' ಎಂಬ ಧಾರಾವಾಹಿಯನ್ನು ಕೈಗೆತ್ತಿಕೊಂಡರು. ಸೈನ್ಯದ ರೈಲುಗಳ ಸುಳಿವನ್ನು ಕಂದೀಲು ಬೀಸಿ ಹೋರಾಟಗಾರರಿಗೆ ಮುಟ್ಟಿಸುವ, ನಿಲ್ದಾಣದ ಒಬ್ಬ ಮುದಿ ದೀಪದಾಳಿನ ಕಥೆ ಅದು. ಆ ಪಾತ್ರ ಸತ್ಯಪ್ಪನವರದೇ. ಮಲಪ್ರಭೆಯ ದಂಡೆಯಲ್ಲಿ ದೀಪದಾಳು ಗುಂಡು ತಿಂದು ಉರುಳುವುದನ್ನು ತೆಗೆದು ಮುಗಿಸುವಷ್ಟರಲ್ಲಿ ಬೆಳಕು ಇಳಿಯಿತು. ಸತ್ತ ಮುಖದ ಕ್ಲೋಸಪ್ ಉಳಿಯಿತು. ಅದನ್ನು ಮರುದಿನ ತೆಗೆಯುವುದೆಂದಾಯಿತು.

ಆಗ ಒಂದು ತೊಡಕು ಎದುರಾಯಿತು. ಸಾವು ಇನ್ನೂ ಅರ್ಧ ಉಳಿದಿದೆ; ಈಗಲೇ ಎಬ್ಬಿಸಿ ನಗಿಸುವುದು ಹೇಗೆ? ನಾಳೆ ಕ್ಲೋಸಪ್ಪಿನ ನಂತರ ಒಟ್ಟಿಗೇ ನಗಿಸಿದರಾಯಿತು ಎಂದು ಶುಭದಾ ಅವರು ತೀರ್ಮಾನಿಸಿದರು. ಕೆಲಸದ ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನವೇ ಆಗಿತ್ತು.

"ಒಂದ ರಾತ್ರಿ ಸತ್ತಿರ್ತೀನಿ ಬಿಡ್ರಿ ಬಾಯಾರ. ಬಾಳವ್ವಗಷ್ಟ ಹೇಳಬ್ಯಾಡ್ರಿ," ಎಂದು ಸತ್ಯಪ್ಪನವರು ಕಣ್ಣು ಮಿಟುಕಿಸಿ ದೇಸೂರಿನ ಬಸ್ಸು ಹತ್ತಿದರು.

ಮುಂಜಾನೆ ಅವರು ಏಳಲಿಲ್ಲ. ಲಕ್ವಾ ಹೊಡೆದು ಬಲಗೈ, ಬಲಗಾಲು, ಮುಖದ ಒಂದು ಭಾಗ ಬಿದ್ದುಹೋಗಿದ್ದವು. ಮಾತು ನಿಂತಿತ್ತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಇನ್ನು ಮನೆಯಲ್ಲೇ ಆರೈಕೆಯಾಗಬೇಕೆಂದು ಹೇಳಿ ಕಳಿಸಿದರು.

ಇತ್ತ ಧಾರಾವಾಹಿ ಅರ್ಧಕ್ಕೆ ನಿಂತಿತ್ತು. ನಿರ್ಮಾಣದ ಹೊಣೆ ಹೊತ್ತ ಅಜಿಂಕ್ಯ ಕೆಟ್ಟವನಲ್ಲ. ವಾಹಿನಿಯವರ ಒತ್ತಾಯಕ್ಕೆ ಸಿಕ್ಕಿಕೊಂಡವನು. ಒಂದು ದಿನ ತಡವರಿಸುತ್ತ ಬಂದು ನಿಂತ.

"ಬಾಯಾರ, ತಪ್ಪ ತಿಳಕೋಬ್ಯಾಡ್ರಿ, ಖರೇ ಹೇಳತೇನಿ. ಸತ್ತವನ ಮಾರಿಗೆ ಮಾತ ಬೇಕಾಗೂದಿಲ್ಲ. ಕಾಕಾ ಮಲಗೇ ಇದ್ದಾರ. ಎರಡ ಮಿನಿಟಿನ ಕೆಲಸ."

"ಅದಕ್ಕ ಬ್ಯಾಡ ಅಂತೀನಿ, ಅಜಿಂಕ್ಯ. ಈಗ ಅವರು ನಟನಾ ಮಾಡಬೇಕಾಗೂದಿಲ್ಲ," ಎಂದರು ಶುಭದಾ.

ಅಷ್ಟಕ್ಕೇ ನಿಲ್ಲಲಿಲ್ಲ. ದಂಡೆಯ ಮೇಲೆ ಉರುಳಿದ ದೃಶ್ಯವನ್ನೂ ಅವರು ಕೈಬಿಟ್ಟರು. ಅದರ ಬದಲಿಗೆ ಗುಂಡಿನ ಸದ್ದಷ್ಟೇ ಕೇಳುತ್ತದೆ. ಕಂದೀಲು ಮರಳಿನ ಮೇಲೆ ಬಿದ್ದು, ಆರದೆ ಉರಿಯುತ್ತಿರುತ್ತದೆ. ದೀಪದಾಳು ಏನಾದನೆಂದು ಧಾರಾವಾಹಿ ತೋರಿಸುವುದಿಲ್ಲ. ಗುಪ್ತಚರ ಸತ್ತನೋ ಇಲ್ಲವೋ ತಿಳಿಯದಿದ್ದರೆ ಪ್ರೇಕ್ಷಕರು ಕೈಬಿಡುತ್ತಾರೆ ಎಂದು ವಾಹಿನಿಯವರು ವಾದಿಸಿದರು. "ಬದುಕ್ಯಾನೇನೋ ಅಂತ ಕಾಯೂದು ಮಂದಿಗೆ ಹೊಸಾದಲ್ಲರಿ," ಎಂದು ಶುಭದಾ ಅವರು ಉತ್ತರಿಸಿದರು.

ಅದೇ ವಾರ ಬಾಳವ್ವ ಖಾಸಬಾಗದ ಮೆಟ್ಟಿಲು ಹತ್ತಿ ಬಂದಳು. ಸತ್ತು ಬಿದ್ದು, ಹೆಸರು ಹೇಳದೆ ಬಂದದ್ದನ್ನು ಗಂಡ ಆ ರಾತ್ರಿಯೇ ಖಾಲಿ ಬುತ್ತಿಗಂಟು ಒಪ್ಪಿಸುವಾಗ ತಾವಾಗಿಯೇ ನಗುತ್ತ ಹೇಳಿಬಿಟ್ಟಿದ್ದರಂತೆ. ಆಕೆ ಬಯ್ಯಲಿಲ್ಲ, ಅಳಲಿಲ್ಲ. ಕೊಟ್ಟ ನೀರು ಕುಡಿದು ಹೇಳಿದಳು:

"ಡಾಕ್ಟರ ತಮ್ಮ ಕೆಲಸ ಮಾಡ್ಯಾರ. ನೀವು ನಿಮ್ದ ಮಾಡ್ರಿ. ನೀವ ಕೊಂದೀರಿ, ನೀವ ಎಬ್ಬಸ್ರಿ."

ಇದು ನಂಬಿಕೆಯೋ ಮೂಢನಂಬಿಕೆಯೋ ಎಂಬ ಚರ್ಚೆ ಆ ಮಹಡಿಯ ಮೇಲೆ ನಡೆಯಲಿಲ್ಲ. ಆ ಸಂಜೆ ದಂಡೆಯ ಮೇಲೆ ತಾವು ಹೇಳದೆ ಬಿಟ್ಟ 'ಏಳ್ರಿ, ನಗ್ರಿ' ಎಂಬ ಒಂದು ಮಾತು ಶುಭದಾ ಅವರ ಎದೆಯಲ್ಲಿ ಕಲ್ಲಾಗಿ ಕುಳಿತಿತ್ತು. ದೇವರು ಮನುಷ್ಯರ ಕೈಯಲ್ಲಿ ಇಡುವುದು ಚಿಕ್ಕ ಚಿಕ್ಕ ಕೆಲಸಗಳನ್ನು ಮಾತ್ರ. ಅವನ್ನಾದರೂ ಮುಗಿಸಿ ಒಪ್ಪಿಸಬೇಕು. ಕ್ಯಾಮೆರಾಮನ್ ಆಕಾಶನಿಗೆ ಅವರು ಇಷ್ಟೇ ಹೇಳಿದರು: "ಗಾಡಿ ತಗಿ. ಒಂದ ಶಾಟ್ ಬಾಕಿ ಐತಿ."

ದೇಸೂರಿನ ಮನೆಯ ಪಡಸಾಲೆಯಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ಬಾಳವ್ವ ಗಂಡನ ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದಳು. ಶುಭದಾ ಅವರು ದೀಪದಾಳಿನ ಟೊಪ್ಪಿಗೆಯನ್ನು ಸತ್ಯಪ್ಪನವರ ತಲೆಗೆ ಇಟ್ಟು, ಮತ್ತೆ ತಾವೇ ತೆಗೆದರು.

"ಸತ್ಯಪ್ಪನವರ, ಸಾಯೂದು ಮುಗೀತ್ರಿ. ಏಳ್ರಿ. ನಗ್ರಿ."

ಅವರು ಗುರುತಿಸಿದರು. ಮುಖದ ಎಡಭಾಗ ಮೆಲ್ಲಗೆ ಅರಳಿತು, ಬಲಭಾಗ ಸುಮ್ಮನಿತ್ತು. ಇನ್ನು ಹೆಸರು. ತುಟಿ ಅಲುಗಿತು, ಗಂಟಲ ನರ ಉಬ್ಬಿತು, ಉಸಿರಷ್ಟೇ ಬಂತು. ಮತ್ತೊಮ್ಮೆ. ಮತ್ತೂ ಒಮ್ಮೆ. ಕಣ್ಣಲ್ಲಿ ನೀರು ತುಂಬಿತು. ಆಕಾಶ ಕ್ಯಾಮೆರಾದ ಹಿಂದೆ ತಲೆ ತಗ್ಗಿಸಿದ. ಹೆಸರಿಲ್ಲದೆ 'ಕಟ್' ಎನ್ನುವಂತಿಲ್ಲ. ಶುಭದಾ ಅವರು ಬೇಕಾದರೆ ತಾವೇ ಆ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಅದು ತಮ್ಮ ಬಾಯಿಂದ ಬರುವ ಮಾತಲ್ಲ ಎಂದು ಅವರಿಗೆ ತೋರಿತು.

ಬಾಳವ್ವ ಸೆರಗನ್ನು ತಲೆತುಂಬ ಹೊದ್ದುಕೊಂಡಳು. ಗಂಡನ ಪಕ್ಕಕ್ಕೆ ಬಂದು, ಕ್ಯಾಮೆರಾದ ಕಡೆ ನೋಡದೆ, ಮದುವಣಗಿತ್ತಿಯ ಹಾಗೆ ನೆಲ ನೋಡುತ್ತ, ಆ ಹೊತ್ತಿಗೇ ಹುಟ್ಟಿದ ಒಡಪು ಕಟ್ಟಿದಳು:

"ಮಲಪ್ರಭಿ ದಂಡಿಮ್ಯಾಲ ಗುಂಡಿನ ಸಪ್ಪಳ ಡಬ್ಬ-ದಪ್ಪ,
ಸತ್ತಂಗ ಮಾಡಿ ಎದ್ದ ಕುಂತರು ನನ್ನ ರಾಯ ಸತ್ಯಪ್ಪ."

ಸತ್ಯಪ್ಪನವರು ಹೆಂಡತಿಯನ್ನು ನೋಡಿದರು. ಬಳಿಕ ಗಂಟಲಿನಿಂದ ಸದ್ದು ಹೊರಟಿತು. ಅದು ನಗುವೇ ಆಗಿತ್ತು. "ನೋಡ್ರಿ, ನಗಾಕ ಬರತೈತಿ ಇವರಿಗೆ! ನೀರ ಕೊಡು ಅನ್ನಾಕಷ್ಟ ಬರೂದಿಲ್ಲ," ಎಂದು ಬಾಳವ್ವ ಸೆರಗಿನೊಳಗಿಂದಲೇ ಹಂಗಿಸಿದಳು. ಶುಭದಾ ಅವರು 'ಕಟ್' ಎಂದರು. ತುಸು ತಡವಾಗಿ ಎಂದರು.

ಸತ್ಯಪ್ಪನವರು ಈಗ ಕೋಲೂರಿ ಮನೆಯಿಂದ ನಿಲ್ದಾಣದವರೆಗೆ ನಡೆಯುತ್ತಾರೆ. ಮಾತು ಕೆಲವೇ ಕೆಲವು ಮರಳಿವೆ. ಔಷಧಿಯ ಗುಣವೋ, ಬಾಳವ್ವ ಎಣ್ಣೆ ತಿಕ್ಕಿದ ಗುಣವೋ, ಮೇಲಿನವನ ಮನಸ್ಸೋ, ಅದನ್ನು ಬಿಡಿಸಿ ಹೇಳುವವರು ಯಾರು? 'ಕಂದೀಲಿನ ಗುರುತು' ಮುಗಿದ ಮೇಲೆ ಸಂತೆಯಲ್ಲಿ ಸಿಕ್ಕ ಹೆಂಗಸರು ಶುಭದಾ ಅವರನ್ನು ನಿಲ್ಲಿಸಿ, "ದೀಪದ ಅಜ್ಜಾ ಉಳದಾನೋ ಇಲ್ಲೋ?" ಎಂದು ಕೇಳುತ್ತಿದ್ದರು. "ಅದಾನ್ರಿ, ದೇಸೂರಾಗ ಅದಾನ," ಎನ್ನುತ್ತಿದ್ದರು ಅವರು.

ಸೇವೆಯ ಕೊನೆಯ ದಿನ ಚಿತ್ರಶಾಲೆಯಲ್ಲಿ ಬಳಗದ ನಾವೆಲ್ಲರೂ ಕೂಡಿದ್ದೆವು. ಹಾರ, ಶಾಲು, ಮಂಡಿಗೆ, ಎಲ್ಲ ಆಯಿತು. ಶುಭದಾ ಅವರು ತಮ್ಮ ಕುರ್ಚಿಯನ್ನು ತಾವೇ ಗೋಡೆಗೆ ಸರಿಸಿಟ್ಟು ಹೊರಡಲು ಎದ್ದಾಗ, ಗಂಡನನ್ನು ಕೈಹಿಡಿದು ಕರೆತಂದಿದ್ದ ಬಾಳವ್ವ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಹೊಂಟ್ರಿ? ಮಾಲಿ ಹಾಕಿಸ್ಕೊಂಡ್ರಿ, ನಾಕ ಮಂದಿ ನಿಮ್ಮ ಗುಣಗಾನ ಮಾಡಿ ಅತ್ರು. ಹಿಂಗ ಮನೀಗೆ ಹೋಗಬಾರ್ದ್ರಿ ಬಾಯಾರ. ನಗ್ರಿ. ಹೆಸರ ಹೇಳ್ರಿ."

ಸಭೆ ಗೊಳ್ಳೆಂದಿತು. ಆಕಾಶ ಅದಾಗಲೇ ಕ್ಯಾಮೆರಾ ತಿರುಗಿಸಿದ್ದ. ಧಾರಾವಾಹಿಯ ಕೊನೆಯಲ್ಲಿ 'ಎಸ್. ನಂದಗಡಕರ' ಎಂದಷ್ಟೇ ಬರೆಸಿಕೊಂಡು, ಎಷ್ಟೋ ಪ್ರೇಕ್ಷಕರು ತಮ್ಮನ್ನು ಗಂಡಸೆಂದೇ ತಿಳಿದರೂ ಸುಮ್ಮನಿದ್ದುಬಿಟ್ಟಿದ್ದ ಶುಭದಾ ಅವರು ಮೊದಲ ಸಲ ಬೆಳಕಿನ ಎದುರಿಗೆ ನಿಂತರು. ನಾಚಿದರು. ಹಾರ ಸರಿಪಡಿಸಿಕೊಂಡರು. ಸತ್ಯಪ್ಪನವರು ಕೋಲೆತ್ತಿ, "ಹೂಂ," ಎಂದು ಅಪ್ಪಣೆ ಕೊಟ್ಟರು. ಆಗ ಅವರು ನಕ್ಕರು. "ನಾ ಶುಭದಾ," ಎಂದರು. "ಶುಭದಾ ನಂದಗಡಕರ. ಖಾನಾಪುರದಾಕಿ."

ಹೇಳಿ, ನಗುತ್ತಲೇ ನಿಂತರು. ನಾವೂ ನಿಂತೆವು. 'ಕಟ್' ಎನ್ನಬೇಕಾದವರು ಕ್ಯಾಮೆರಾದ ಎದುರಿಗಿದ್ದರು; ಹಿಂದೆ ನಿಂತ ಯಾರಿಗೂ ಆ ಮಾತು ಆಡುವ ಅಧಿಕಾರವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆಕಾಶ ಕ್ಯಾಮೆರಾ ನಿಲ್ಲಿಸಲಿಲ್ಲ. ಅದು ಹೀಗೆಯೇ ಬಹುಕಾಲ ಓಡುತ್ತಿರಲಿ, ಅವರು ಹೇಳಬೇಕೆಂದುಕೊಂಡು ಇನ್ನೂ ಹೇಳದ ಕಥೆಗಳೆಲ್ಲ ಅದರೊಳಗೆ ಬರಲಿ ಎಂಬುದೇ ಈ ಬಳಗದ ಪ್ರಾರ್ಥನೆ.